ಬಿಸಿಬೇಳೆಬಾತ್ ಪಾತ್ರೆಯಡಿ ಸಿಕ್ಕ ಅಜ್ಜಿ

ನಾನು ಸಿದ್ದಿ. ಯಲ್ಲಾಪುರದ ಕಡೆಯವಳು. ನೈರೋಬಿಗೆ ಬಂದು ಆರು ವರ್ಷವಾಯಿತು. ಲ್ಯಾವಿಂಗ್ಟನ್‌ನ ಒಂದು ಖಾಸಗಿ ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಗಂಡ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ನನ್ನ ಹಿರಿಯರನ್ನು ಆಫ್ರಿಕಾದ ಈ ಪೂರ್ವ ಕರಾವಳಿಯ ಕಡೆಯಿಂದಲೇ ಹಡಗಿನಲ್ಲಿ ತುಂಬಿ ಗೋವೆಗೆ ತಂದು ಮಾರಿದ್ದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಅಜ್ಜಿಯ ಜೊತೆ ಕೊಂಕಣಿ, ಉಳಿದ ಲೋಕದ ಜೊತೆ ಕನ್ನಡ, ಹೀಗೆ ಬೆಳೆದವಳು ನಾನು.

ಇಲ್ಲಿ ಮಟಾಟು ವ್ಯಾನ್ ಹತ್ತಿದರೆ ಕಂಡಕ್ಟರ್ ನನ್ನನ್ನು ಇಲ್ಲಿಯವಳೆಂದುಕೊಂಡು ಸ್ವಾಹಿಲಿಯಲ್ಲಿ ಮಾತಾಡುತ್ತಾನೆ. ನನಗೆ ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರೆ, ಜಂಬದವಳು ಎನ್ನುವ ಹಾಗೆ ನೋಡುತ್ತಾನೆ. ಅದಕ್ಕೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ನಮ್ಮ ಕನ್ನಡ ಕೂಟದಲ್ಲಿ. ಮೊದಲ ಸಲ ಹೋದಾಗ ಒಬ್ಬಾಕೆ ನನ್ನ ಕೈ ಹಿಡಿದು, "ಅಯ್ಯೋ, ಎಷ್ಟು ಚೆನ್ನಾಗಿ ಕನ್ನಡ ಕಲ್ತಿದ್ದೀರಿ! ಹಸ್ಬೆಂಡ್ ಹೇಳ್ಕೊಟ್ರಾ?" ಎಂದಿದ್ದರು. ಗಂಡನೂ ಸಿದ್ದಿಯೇ, ಅಲ್ಲೇ ಪಕ್ಕದಲ್ಲಿ ನಿಂತಿದ್ದ.

ಹೋದ ವರ್ಷ ಕೂಟದವರು 'ಪರಂಪರೆಯ ದಿನ' ಮಾಡಿದರು. ಪ್ರತಿ ಮನೆಯವರೂ ತಮ್ಮ ಊರಿನ ಬಗ್ಗೆ ಒಂದು ಚಾರ್ಟ್ ತರಬೇಕು ಎಂದು ವಾಟ್ಸಾಪಿನಲ್ಲಿ ಬಂತು. ನಾನು, ನನ್ನ ಹನ್ನೊಂದು ವರ್ಷದ ಮಗಳು ಸೇರಿ ಮೂರು ಚಾರ್ಟ್ ಮಾಡಿದೆವು. ಒಂದರಲ್ಲಿ ಹಡಗಿನ ದಾರಿ, ಒಂದರಲ್ಲಿ ನಮ್ಮ ಡಮಾಮಿ ಕುಣಿತದ ಚರ್ಮವಾದ್ಯ. ಮೂರನೆಯದರಲ್ಲಿ ಅಜ್ಜಿ ಹೇಳುತ್ತಿದ್ದ ಕಥೆ. ಅಜ್ಜಿಯ ಮುಖವನ್ನು ಮಗಳೇ ಬಿಡಿಸಿದ್ದಳು. ಕಾರ್ಯಕ್ರಮದ ಹಿಂದಿನ ದಿನವೇ ಹೈರಿಡ್ಜ್‌ನ ಹಾಲ್‌ಗೆ ಹೋಗಿ ಕೊಟ್ಟು ಬಂದೆ.

ಮರುದಿನ ಹೋಗಿ ನೋಡಿದರೆ ಗೋಡೆಯ ಮೇಲೆ ಹಂಪಿ ಇತ್ತು, ಮೈಸೂರು ಅರಮನೆ ಇತ್ತು, ಕೊಡಗಿನ ಕಾಫಿಯೂ ಇತ್ತು. ಒಂದು ಮೂಲೆಯಲ್ಲಿ ಇಂಟರ್‌ನೆಟ್‌ನಿಂದ ತೆಗೆದ ಸಿದ್ದಿ ಕುಣಿತದ ಫೋಟೊ, ಅದರ ಕೆಳಗೆ 'ಕಾಡುಜನರ ಕುಣಿತ' ಎಂದು ಬರೆದಿತ್ತು.

"ನನ್ನ ಚಾರ್ಟ್ ಎಲ್ಲಿ?" ಎಂದೆ.

"ಜಾಗ ಸಾಲ್ಲಿಲ್ಲ ಮೇಡಂ. ಇಲ್ಲಿದೆಯಲ್ಲ ನಿಮ್ದು," ಎಂದು ಕಾರ್ಯದರ್ಶಿ ಆ ಫೋಟೊ ತೋರಿಸಿದರು.

ಅಷ್ಟರಲ್ಲಿ ಅಧ್ಯಕ್ಷರು ಬಂದರು. ನಲವತ್ತು ವರ್ಷದಿಂದ ಇಲ್ಲೇ ಇರುವ ಡಾಕ್ಟರು, ಮೆದು ಮಾತಿನವರು. "ನೋಡಮ್ಮ, ಇವತ್ತು ಇಲ್ಲಿನ ಗೆಸ್ಟ್ಸ್ ಬರ್ತಿದ್ದಾರೆ. ಗುಲಾಮ್ರು, ಮಾರಾಟ ಅಂತೆಲ್ಲ ಗೋಡೆ ಮೇಲಿದ್ರೆ ಅವ್ರಿಗೆ ಎಂಬ್ಯಾರಸ್ ಆಗಲ್ವಾ? ಪಾಸಿಟಿವ್ ಆಗಿ ಏನಾದ್ರೂ ಮಾಡೋಣ. ನಿಮ್ಮ ಡ್ಯಾನ್ಸ್ ಮಾಡ್ಬಿಡಿ, ಹತ್ತು ನಿಮಿಷ. ಸೊಪ್ಪು ಗಿಪ್ಪು ಕಟ್ಕೊಂಡು. ಎಲ್ರಿಗೂ ಇಷ್ಟ ಆಗತ್ತೆ."

ನಾನು ಎಂ.ಎಸ್ಸಿ. ಮಾಡಿದವಳು. ಕುಣಿಯಲು ನನಗೆ ನಾಚಿಕೆಯಿಲ್ಲ. ಊರಲ್ಲಿ ಕುಣಿದಿದ್ದೇನೆ, ಬೆವರು ಸುರಿಯುವ ತನಕ. ಆದರೆ ನನ್ನ ಜನರ ಕಾಲು ಬೇಕು, ಬಾಯಿ ಬೇಡ ಎನ್ನುವವರ ಮುಂದೆ ಕುಣಿಯುವುದೆ?

ಮಗಳು ಅಡುಗೆಮನೆಯ ಕಡೆಯಿಂದ ಓಡಿ ಬಂದಳು. "ಅಮ್ಮಾ, ದೇ ಪುಟ್ ಫುಡ್ ಆನ್ ಇಟ್!"

ಹೋಗಿ ನೋಡಿದೆ. ಬಡಿಸುವ ಮೇಜಿನ ಮೇಲೆ ಮೂರೂ ಚಾರ್ಟ್‌ಗಳನ್ನು ಹಾಸಿದ್ದರು. ಅಜ್ಜಿಯ ಮುಖದ ಮೇಲೆ ಬಿಸಿಬೇಳೆಬಾತ್ ಪಾತ್ರೆ. ಕಾಗದವನ್ನು ಮಗುಚಿ ಹಾಸುವಷ್ಟು ಸಂಕೋಚವೂ ಅವರಿಗೆ ಇರಲಿಲ್ಲ. ಪಾತ್ರೆ ಎತ್ತಿ ಪಕ್ಕಕ್ಕಿಟ್ಟೆ. ಕೈ ಸುಟ್ಟಿತು, ಅದು ಗೊತ್ತಾದದ್ದು ಮನೆಗೆ ಹೋದ ಮೇಲೆ.

ನಾನು ಒಪ್ಪದಿದ್ದರೂ ನನ್ನ ಕುಣಿತ ಎಂದು ಮೈಕಿನಲ್ಲಿ ಕೂಗಿದಾಗ, ಜಿಡ್ಡು ಹತ್ತಿದ ಆ ಚಾರ್ಟ್ ಹಿಡಿದು ವೇದಿಕೆ ಹತ್ತಿದೆ. ಕುಣಿಯಲಿಲ್ಲ. ಕಥೆ ಹೇಳಿದೆ. ನಮ್ಮ ಮೂಲದ ಅಜ್ಜಿ ಗೋವೆಯ ಒಡೆಯನ ಮನೆಯಿಂದ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದಳು. ಹಿಂದೆ ಆಳುಗಳು, ನಾಯಿಗಳು. ಘಟ್ಟದಲ್ಲಿ ಒಂದು ಹುಲಿ ಅವಳನ್ನು ನೋಡಿತು, ಮುಟ್ಟಲಿಲ್ಲ. ಅವಳ ಒಂದೊಂದು ಹೆಜ್ಜೆಯ ಮೇಲೂ ತನ್ನ ಹೆಜ್ಜೆಯಿಟ್ಟು ಹಿಂದೆಯೇ ನಡೆಯಿತು. ಬೆನ್ನಟ್ಟಿ ಬಂದವರಿಗೆ ಹುಲಿಯ ಹೆಜ್ಜೆ ಮಾತ್ರ ಕಂಡಿತು. ತಿಂದು ಮುಗಿಸಿದೆ ಎಂದುಕೊಂಡು ವಾಪಸಾದರು. ಅದಕ್ಕೇ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟಾಗ ಒಂದು ತುತ್ತು ಹುಲಿಗೂ ಇಡುತ್ತೇವೆ.

ಮುಂದಿನ ಸಾಲಿನಲ್ಲಿ ಅತಿಥಿಯಾಗಿ ಬಂದಿದ್ದ ಕೀನ್ಯಾದ ಹೆಂಗಸು ಕೂತಿದ್ದರು, ಕಾಲೇಜಿನಲ್ಲಿ ಇತಿಹಾಸ ಕಲಿಸುವವರು. ಏನು ಹೇಳುತ್ತಿದ್ದಾಳೆ ಎಂದು ಅವರು ಕೇಳಿದ್ದಕ್ಕೆ ಕಾರ್ಯದರ್ಶಿ, "ಜಸ್ಟ್ ಎ ಫೋಕ್ ಸ್ಟೋರಿ," ಎಂದದ್ದು ನನ್ನ ಕಿವಿಗೆ ಬಿತ್ತು. ಅಲ್ಲಿಂದ ಇಂಗ್ಲಿಷಿಗೆ ತಿರುಗಿದೆ. ಹಡಗು, ಸಂತೆ, ಮಾರಾಟ, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಆ ಹೆಂಗಸು ಎದ್ದು ವೇದಿಕೆಯ ಹತ್ತಿರ ಬಂದು ಚಾರ್ಟಿನ ಅಂಚು ಹಿಡಿದು ನೋಡಿದರು. ಆಮೇಲೆ ಅಧ್ಯಕ್ಷರತ್ತ ತಿರುಗಿ, ಎಷ್ಟೋ ವರ್ಷದಿಂದ ನಿಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದೇನೆ, ನಮ್ಮ ಜನ ನಿಮ್ಮ ಊರಲ್ಲಿದ್ದಾರೆ ಎಂದು ಒಬ್ಬರೂ ಹೇಳಲಿಲ್ಲವಲ್ಲ ಎಂದರು. ಅವರ ದನಿಯಲ್ಲಿ ಮುಜುಗರ ಇರಲಿಲ್ಲ. ಸಿಟ್ಟಿತ್ತು.

ಅಷ್ಟು ಹೊತ್ತಿಗೆ ಹಿಂದಿನ ಸಾಲಿನವರು ತಟ್ಟೆ ಹಿಡಿದು ಎದ್ದಿದ್ದರು. ಕಾರ್ಯದರ್ಶಿ ಕೈಗಡಿಯಾರ ತಟ್ಟಿ ತೋರಿಸಿದರು. ನಾನು ಮೈಕಿನಲ್ಲಿ, "ಕ್ಷಮಿಸಿ, ತಡ ಆಯ್ತು," ಎಂದು ಹೇಳಿ ಇಳಿದೆ.

ಕಾರಿನಲ್ಲಿ ಮಗಳು ಕೇಳಿದಳು: "ವೈ ಡಿಡ್ ಯು ಸೇ ಸಾರಿ?" ಆ ದಿನದ ಸಿಟ್ಟಿನಲ್ಲಿ ಒಂದು ಪಾಲು ಈಗಲೂ ನನ್ನ ಮೇಲೆಯೇ ಇದೆ.

ವಾರದ ನಂತರ ಅಧ್ಯಕ್ಷರು ಫೋನ್ ಮಾಡಿದರು. "ಬೇಜಾರ್ ಮಾಡ್ಕೋಬೇಡಿ. ನೆಕ್ಸ್ಟ್ ಇಯರ್ ಚಾರ್ಟ್ ಹಾಕೋಣ. 'ಮಾರಿದರು' ಅನ್ನೋ ಬದ್ಲು 'ವಲಸೆ ಬಂದರು' ಅಂತ ಹಾಕಿ, ಸಾಕು."

"ವಲಸೆ ಬಂದವ್ರು ನೀವು, ಡಾಕ್ಟ್ರೇ," ಎಂದೆ. "ಟಿಕೆಟ್ ತಗೊಂಡು ಬಂದ್ರಿ. ನಮ್ಮೋರನ್ನ ಹೊತ್ಕೊಂಡು ಹೋದ್ರು. ನಾ ಆ ಶಬ್ದ ತಿದ್ದೋದಿಲ್ಲ."

ಫೋನ್ ಇಟ್ಟೆ. ಆಮೇಲೆ ಕೂಟಕ್ಕೆ ಹೋಗಿಲ್ಲ. ಗಂಡ ಈಗಲೂ ಹೋಗುತ್ತಾನೆ. "ಪರದೇಶದಾಗೆ ನಾಕು ಜನ ಬೇಕಲ್ಲೇ," ಎನ್ನುತ್ತಾನೆ. ಹೋಗಲಿ. ಅವನು ಬರುವಾಗ ಡಬ್ಬಿಯಲ್ಲಿ ತರುವ ಊಟವನ್ನು ನಾನು ಮುಟ್ಟುವುದಿಲ್ಲ, ಅಷ್ಟೇ.