ಗುಳಿಗೆ ಬಿಟ್ಟು ಎಕೋ ಮಾಡಿಸಿಕೊಂಡ ನೂರ್ ಅಹಮದ್

ಕೊಟ್ಟೂರಿನ ಸುತ್ತಮುತ್ತ ನೀರೆತ್ತುವ ಮೋಟಾರು ಕೆಟ್ಟರೆ ಜನ ನೂರ್ ಅಹಮದನ ಅಂಗಡಿಗೇ ಬರುತ್ತಾರೆ. ಹುಡುಗನಾಗಿದ್ದಾಗ ನನ್ನ ತರಗತಿಯ ಗಡಿಯಾರ ಬಿಚ್ಚಿ ಜೋಡಿಸಿ, ಮಿಕ್ಕ ತಿರುಪೊಂದನ್ನು ನನ್ನ ಕೈಗಿಟ್ಟು, "ಇದು ಬೇಕಾಗಿದ್ದಿಲ್ರಿ ಸರ" ಎಂದಿದ್ದ. ಬಯ್ಯಲು ಎದ್ದವನು ನಕ್ಕುಬಿಟ್ಟಿದ್ದೆ.

ಹೋದ ವರ್ಷ ಅವನಿಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು, ಸಂಜೆಯಾದರೆ ಪಾದಗಳಲ್ಲಿ ಬಾವು. ದಾವಣಗೆರೆಯಲ್ಲಿ ಹೃದಯದ ವೈದ್ಯೆ ರಮಾ ಅವರು ಎಕೋ ಪರೀಕ್ಷೆ ಮಾಡಿದರು. ಎಡಮಗ್ಗುಲಾಗಿ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಸವರಿ, ಸಣ್ಣ ಸಾಧನವೊಂದನ್ನು ಒತ್ತಿ ಹಿಡಿದರೆ ಗುಂಡಿಗೆಯ ಬಡಿತ ಪರದೆಯ ಮೇಲೆ ಕಾಣುತ್ತದೆ. ಇವನ ಗುಂಡಿಗೆ ದೊಡ್ಡದಾಗಿತ್ತು. ರಕ್ತವನ್ನು ತಳ್ಳುವ ಬಲ ಕುಂದಿತ್ತು.

"ದಿನಾ ಗುಳಿಗೆ ತಗಳಿ. ಆಮೇಲೆ ಇನ್ನೊಂದು ಎಕೋ ನೋಡಣ. ಬಲ ಬರ್ಲಿಲ್ಲಾಂದ್ರೆ ಗುಂಡಿಗೆ ಬಡಿತ ಕಾಯೋಕೆ ಎದೇಲಿ ಒಂದು ಯಂತ್ರ ಕೂರಿಸ್ಬೇಕಾಗುತ್ತೆ. ವೆಲ್ಡಿಂಗ್ ಕರೆಂಟು ಆ ಯಂತ್ರಕ್ಕೆ ಆಗಲ್ಲ, ಆಗ ವೆಲ್ಡಿಂಗ್ ಕೆಲ್ಸ ಬಿಡ್ಬೇಕು" ಎಂದರು.

ವೆಲ್ಡಿಂಗ್ ಬಿಟ್ಟರೆ ಅವನ ಅಂಗಡಿ ಅರ್ಧ ಮುಚ್ಚಿದಂತೆ. ಆದ್ದರಿಂದ ಎರಡನೆಯ ಎಕೋಗೆ ಹೆಂಡತಿ ಗುಲ್ಜಾರ್ ಬೀ ನನ್ನನ್ನೂ ಕರೆದೊಯ್ದಳು. ರಮಾ ಅವರು ಪರದೆಯನ್ನು ಬಹಳ ಹೊತ್ತು ನೋಡಿ, "ಬಲ ಇನ್ನೂ ಇಳಿದಿದೆಯಲ್ರಿ. ಯಂತ್ರಕ್ಕೆ ಬರೆದುಕೊಡ್ಲೇಬೇಕು" ಎಂದರು.

ನೂರ್ ಅಹಮದ್ ಅಲುಗಾಡಲಿಲ್ಲ. "ಇಳೀಲೇಬೇಕ್ರಿ ಮೇಡಮ್. ಬಕ್ರೀದ್ ಆದಾಗಿಂದ ಗುಳಿಗಿ ಬಿಟ್ಟೀನಿ."

"ಯಾಕೆ?"

"ಗುಳಿಗಿ ತಗೊಂಡು ನೋಡಿದ್ರ ಗುಳಿಗಿ ಬಲ ಕಾಣ್ತತಿ. ಗುಂಡಿಗಿ ಬಲ ಹೆಂಗ ಕಾಣಬೇಕು? ನಾವು ಮೋಟಾರ್‌ನ ಪಂಪಿನಿಂದ ಬಿಚ್ಚಿ, ಬರೇ ಮೋಟಾರ್ ತಿರುಗಿಸಿ ನೋಡ್ತೀವ್ರಿ."

ಗುಲ್ಜಾರ್ ಬೀ ಹಣೆ ಚಚ್ಚಿಕೊಂಡಳು. "ದಿನಾ ಮುಂಜಾನಿ ಕೈಯಾಗ ಗುಳಿಗಿ, ನೀರು ಕೊಡ್ತಿದ್ದೆ. ನೀರು ಕುಡೀತಿದ್ರು! ಗುಳಿಗಿ ಎಲ್ಲಿ ಹೋತಂತ ಕೇಳ್ರಿ ಸರ!"

"ಜೇಬಿನ್ಯಾಗ" ಎಂದ ಅವನು.

"ಗುಳಿಗೆಯಿಂದ ಉಪಯೋಗ ಆಯ್ತಾ ಅಂತ ನೋಡಕ್ಕೇ ಈ ಎಕೋ ಕಣ್ರಿ!" ಎಂದು ರಮಾ ಅವರು ಪೆನ್ನು ಕೆಳಗಿಟ್ಟರು. "ಈಗ ಯಂತ್ರ ಬೇಕು ಅನ್ಲಾ, ಬೇಡ ಅನ್ಲಾ? ಮೊದಲಿಂದ ಶುರು ಮಾಡಿ. ಮತ್ತೆ ಎಕೋ."

ಹಿಂದಿರುಗುವಾಗ ಹರಪನಹಳ್ಳಿಯವರೆಗೂ ಬಸ್ಸಿನಲ್ಲಿ ತಿಳಿಹೇಳಿದೆ. ಪ್ರತಿ ಮಾತಿಗೂ ತಲೆಯಾಡಿಸಿದ. ಅಲ್ಲಿ ಚಹಾ ಕೈಗೆ ಬಂದ ಮೇಲೆ, "ಆದ್ರೂ ಸರ, ನಾ ಮಾಡಿದ ಟೆಸ್ಟಿಂಗ್ ತಪ್ಪಲ್ಲ" ಎಂದ. ನಾನು ಚಹಾ ಅಲ್ಲಿಯೇ ಬಿಟ್ಟು ಬಸ್ಸು ಹತ್ತಿದೆ.

ಅಂದಿನಿಂದ ಗುಲ್ಜಾರ್ ಬೀ ದಿನವೂ ಅಂಗಡಿಗೇ ಬರತೊಡಗಿದಳು. ಗಿರಾಕಿಗಳ ಎದುರಿಗೇ ಅವನ ಬಾಯಿಗೆ ಗುಳಿಗೆ ಹಾಕಿ, ನೀರು ಕುಡಿಸಿ, "ಬಾಯಿ ತೆಗೀರಿ. ನಾಲಿಗಿ ಎತ್ರಿ" ಎಂದು ನೋಡಿಯೇ ಹೋಗುವಳು. "ಸಣ್ಣ ಕೂಸು ಅನ್ಕೊಂಡಿ ಏನು?" ಎಂದು ಅವನು ಸಿಡುಕುತ್ತಿದ್ದ, ಬಾಯಿಯನ್ನಂತೂ ತೆರೆಯುತ್ತಿದ್ದ.

ಮೂರನೆಯ ಎಕೋದಲ್ಲಿ ಗುಂಡಿಗೆ ಸಾಕಷ್ಟು ಕುಗ್ಗಿ, ಬಲವಾಗಿ ಬಡಿಯುತ್ತಿತ್ತು. ರಮಾ ಅವರು ಮೊದಲ ಬಾರಿಗೆ ನಕ್ಕರು. "ಯಂತ್ರ ಬೇಡ. ವೆಲ್ಡಿಂಗ್ ಮಾಡ್ಕಳಿ. ಗುಳಿಗೆ ಮಾತ್ರ ಬಿಡಂಗಿಲ್ಲ."

ಎದೆಯ ಜೆಲ್ ಒರೆಸಿಕೊಳ್ಳುತ್ತ ನೂರ್ ಅಹಮದ್ ಕೇಳಿದ: "ರಿಪೇರಿ ಆತಲ್ರಿ ಮೇಡಮ್, ಇನ್ನ ಗುಳಿಗಿ ಯಾಕ?"

ನಾನು ಗೋಡೆಗೆ ಒರಗಿದೆ. ಗುಲ್ಜಾರ್ ಬೀ ಎಕೋ ಸಾಧನವಿದ್ದ ವೈದ್ಯೆಯ ಕೈ ಹಿಡಿದುಕೊಂಡಳು. "ಮಿಷಿನ್ ಬಂದ್ ಮಾಡಬ್ಯಾಡ್ರಿ ಮೇಡಮ್ನೋರ. ಹಂಗ ಒಂದೀಟು ಇವ್ರ ತಲಿಮ್ಯಾಗೂ ಇಟ್ಟು ನೋಡ್ರಿ."