ಟಿವಿ ಬಾಕ್ಸಿಗೆ ಕೇಕಿನ ಕಡ್ಡಿ

ಕೊಪ್ಪದಲ್ಲಿ ಬೇಕರಿ ಇಟ್ಟಿರುವ ಹಮೀದಣ್ಣನ ಹಳೇ ಟಿವಿ ಬಾಕ್ಸಿಗೆ ಲಿನಕ್ಸ್ ಅನ್ನುವ ಬೇರೆ ಸಾಫ್ಟ್‌ವೇರ್ ಹಾಕಿ, ಬಿಲ್ ಮಾಡುವ ಕಂಪ್ಯೂಟರ್ ಮಾಡಿಕೊಡ್ತೇನೆ ಅಂತ ಕೊಚ್ಚಿಕೊಂಡಿದ್ದೆ. ಅದಕ್ಕೆ ಬಾಕ್ಸಿನ ಹಿಂದಿನ ತೂತಿನೊಳಗಿರುವ ಬಟನ್ ಒತ್ತಿ ಹಿಡಿದೇ ಕರೆಂಟ್ ಕೊಡಬೇಕು. ಹಮೀದಣ್ಣ ಕೇಕ್ ಬೆಂದಿದೆಯೋ ಅಂತ ಚುಚ್ಚಿ ನೋಡುವ ಕಡ್ಡಿ ತಂದು ಒತ್ತಿದರು. ನಾನು ಸ್ವಿಚ್ ಹಾಕಿದ್ದೇ ತಡ, ಕಡ್ಡಿ ಹೊರಗೆಳೆದು ತುದಿ ನೋಡಿದರು. ಮತ್ತೆ ಹಳೇ ಸಿನಿಮಾ ಆ್ಯಪ್‌ಗಳೇ ಬಂದವು.

"ತೆಗೀಬೇಡಿ ಹಮೀದಣ್ಣ, ಹಿಡ್ಕೊಂಡೇ ಇರಿ!"

"ಕೈ ತಾನಾಗೇ ಬರ್ತದೆ ಮಾರಾಯ."

ಕೊನೆಗೆ ಒಂದು ಕೈಯಲ್ಲಿ ಅವರ ಮಣಿಕಟ್ಟು ಬಿಗಿಯಾಗಿ ಹಿಡಿದು, ಇನ್ನೊಂದರಲ್ಲಿ ಸ್ವಿಚ್ ಹಾಕಿದೆ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರಗಳು ಓಡತೊಡಗಿದವು. ಕೈ ಬಿಟ್ಟೆ. ಅವರು ಕಡ್ಡಿಯ ತುದಿಯನ್ನು ಬೆಳಕಿಗೆ ಹಿಡಿದು, "ಎಂತದೂ ಅಂಟಿಲ್ಲ. ಬೆಂದಿದೆ" ಅಂದರು.

ಪರದೆ ಇನ್ನೂ ನೂರಕ್ಕೆ ಎರಡು ಪಾಲಷ್ಟೇ ಮುಗಿದಿದೆ ಅನ್ನುತ್ತಿತ್ತು. ಹಮೀದಣ್ಣ ಆಗಲೇ ಗಿರಾಕಿಗಳಿಗೆ ಕೇಕ್ ಹಂಚುತ್ತಿದ್ದರು. ನಾನೂ ತಿಂದೆ, ಅದಂತೂ ಬೆಂದಿತ್ತು.