ಕಣ್ಣು ಮುಚ್ಚಿ ನಡೆದ ವಿಷು

ನಾನು ಚಿಕ್ಕವನಿದ್ದಾಗ ಯಾರಾದರೂ ನಿನಗೆ ಓಣಂ ಇಷ್ಟವೋ ವಿಷು ಇಷ್ಟವೋ ಎಂದು ಕೇಳಿದ್ದರೆ, ಪ್ರಶ್ನೆ ಮುಗಿಯುವ ಮೊದಲೇ ಓಣಂ ಎಂದುಬಿಡುತ್ತಿದ್ದೆ. ಹೋದ ವಾರ ಫ್ರೀವೇಯಲ್ಲಿ ಬರುವಾಗ ಪುಟ್ಟಿ ಕಾರಿನ ಹಿಂದಿನ ಸೀಟಿನಿಂದ ಇದೇ ಪ್ರಶ್ನೆ ಕೇಳಿದಳು. "ಅಜ್ಜಾ, ಒಂದೇ ಪಿಕ್ ಮಾಡ್ಬೇಕು. ಎರಡೂ ಇಷ್ಟ ಅಂದ್ರೆ ಚೀಟಿಂಗು" ಎಂದು ನನ್ನ ದಾರಿಯನ್ನು ಮೊದಲೇ ಮುಚ್ಚಿದಳು. ಅವಳ ತಮ್ಮ ಪುಟ್ಟ "ಓಣಂ! ಪಾಯಸ!" ಎಂದು ಕೂಗಿದ. ನಾನು ವಿಷು ಎಂದೆ. ಇಬ್ಬರಿಗೂ ಸರಿಬರಲಿಲ್ಲ. ಯಾಕೆ ಎಂದು ಹೇಳುವಷ್ಟರಲ್ಲಿ ಮನೆಯಿರುವ ಫಾಸ್ಟರ್ ಸಿಟಿಯ ಎಕ್ಸಿಟ್ ಬಂತು, ಉತ್ತರ ಅಲ್ಲಿಗೇ ನಿಂತಿತು. ಅದನ್ನೀಗ ಬರೆದು ಕೊಡುತ್ತಿದ್ದೇನೆ. ನಿಮ್ಮ ಅಮ್ಮನಿಂದ ಓದಿಸಿಕೊಳ್ಳಿ.

ನಮ್ಮದು ಮಲಯಾಳಿ ಮನೆ. ಅಪ್ಪನಿಗೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಕೆಲಸ ಸಿಕ್ಕಿದ್ದರಿಂದ ನಾವು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಅಮ್ಮನ ಹತ್ತಿರ ಮಲಯಾಳ, ಓಣಿಯಲ್ಲಿ ಕನ್ನಡ. ನಾನು ಮತ್ತು ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಜಗಳವಾಡುತ್ತಿದ್ದುದು ಕನ್ನಡದಲ್ಲೇ, ಏಕೆಂದರೆ ಬೈಗುಳ ಅದರಲ್ಲೇ ಚೆನ್ನಾಗಿ ಬರುತ್ತಿತ್ತು.

ಓಣಂ ಎಂದರೆ ಹತ್ತು ದಿನದ ಗದ್ದಲ. ಮಳೆ ಸ್ವಲ್ಪ ಬಿಡುವು ಕೊಟ್ಟ ಬೆಳಗುಗಳಲ್ಲಿ ಅಕ್ಕ ಮತ್ತು ನಾನು ಕ್ವಾರ್ಟರ್ಸಿನ ಹಿಂದಿನ ಬಯಲಿಗೆ ಹೋಗಿ ತುಂಬೆ ಹೂ ಕೀಳುತ್ತಿದ್ದೆವು. ಮೊಣಕಾಲವರೆಗೆ ಒದ್ದೆ ಹುಲ್ಲು ತಾಗಿ ತುರಿಸುತ್ತಿತ್ತು. ಅಂಗಳದ ಹೂವಿನ ರಂಗೋಲಿ ದಿನಕ್ಕೊಂದು ಸುತ್ತು ದೊಡ್ಡದಾಗುತ್ತಿತ್ತು. ಕೊನೆಯ ದಿನ ಬಾಳೆಲೆಯ ಊಟ, ಬೆಲ್ಲದ ಪಾಯಸ, ಓಣಿಯ ಮಕ್ಕಳೆಲ್ಲ ನಮ್ಮ ಮನೆಯಲ್ಲೇ. ಬಲಿ ಚಕ್ರವರ್ತಿ ತನ್ನ ಜನರನ್ನು ನೋಡಲು ಬರುವ ದಿನ ಅದು ಎಂದರೆ ಪಕ್ಕದ ಮನೆಯ ಹುಡುಗ ಒಪ್ಪುತ್ತಿರಲಿಲ್ಲ. "ಬಲೀಂದ್ರ ಬರೋದು ದೀಪಾವಳಿಗೆ. ನಿಮ್ಮ ಮನಿಗೆ ಈಗ್ಯಾಕ ಬಂದಾನ?" ಎಂದು ಅಮ್ಮನನ್ನೇ ಕೇಳಿದ. "ಅಷ್ಟು ದೊಡ್ಡ ರಾಜ ಎರಡು ಸಲ ಬಂದರೆ ಬೇಡ ಅನ್ನೋಕಾಗುತ್ತಾ?" ಎಂದು ಅಮ್ಮ ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿದಳು.

ವಿಷು ಹಾಗಲ್ಲ, ಅದು ನಮ್ಮ ಹೊಸ ವರ್ಷ. ಏಪ್ರಿಲ್ ತಿಂಗಳು, ಶಾಲೆಗೆ ರಜೆ, ಆದರೂ ಬೆಳಕು ಹರಿಯುವ ಮುನ್ನ ಎಬ್ಬಿಸುತ್ತಾರೆ. ಕಣ್ಣು ತೆರೆಯುವ ಹಾಗಿಲ್ಲ. ಹಿಂದಿನಿಂದ ಯಾರೋ ಅಂಗೈಯಲ್ಲಿ ಕಣ್ಣು ಮುಚ್ಚಿ ದೇವರ ಮುಂದೆ ತಂದು ನಿಲ್ಲಿಸುತ್ತಾರೆ. ಅಲ್ಲಿ ಹಿತ್ತಾಳೆ ಪಾತ್ರೆಯಲ್ಲಿ ಅಕ್ಕಿ, ಹಳದಿ ಸೌತೆಕಾಯಿ, ಮಾವಿನಕಾಯಿ, ಹೊಸ ಬಟ್ಟೆ, ಕನ್ನಡಿ, ಕಕ್ಕೆ ಹೂವಿನ ಗೊಂಚಲು, ದೀಪ. ಇದೇ ವಿಷುಕಣಿ. ಕೈ ತೆಗೆದಾಗ ವರ್ಷದಲ್ಲಿ ಮೊದಲು ಕಾಣಬೇಕಾದದ್ದು ಇದು. ಅಂದು ಮೊದಲು ಕಂಡದ್ದು ವರ್ಷವಿಡೀ ನಮ್ಮ ಜೊತೆಗಿರುತ್ತದೆ ಎನ್ನುತ್ತಿದ್ದಳು ಅಮ್ಮ. ಎಲ್ಲ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಇಷ್ಟಕ್ಕಾಗಿ ನಿದ್ದೆ ಕೆಡಿಸಿದರಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

ನಾನು ಎರಡನೆಯ ತರಗತಿಯಲ್ಲಿದ್ದ ವರ್ಷ, ವಿಷುವಿಗೆ ಮೂರು ವಾರ ಮೊದಲು ಅಮ್ಮನಿಗೆ ವಿಷಮಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಸಣ್ಣ ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಪಕ್ಕದ ಮನೆಯ ಕಾಕು ನಲ್ಲಿಯ ಹತ್ತಿರ ಇನ್ನೊಬ್ಬರಿಗೆ, "ಪಾಪ, ಈ ಕೂಸುಗಳ ಗತಿ ಏನ್ರೀ" ಎನ್ನುವುದು ನನ್ನ ಕಿವಿಗೆ ಬಿತ್ತು. ನಾನು ಯಾರಿಗೂ ಹೇಳಲಿಲ್ಲ. ಆದರೆ ಒಳಗೊಳಗೇ ಒಂದು ತೀರ್ಮಾನ ಮಾಡಿದೆ. ವಿಷುವಿನ ದಿನ ಮೊದಲು ಅಮ್ಮನನ್ನೇ ಕಂಡರೆ ಅಮ್ಮ ವರ್ಷವಿಡೀ ಇರುತ್ತಾಳೆ. ಬೇರೆ ಏನನ್ನಾದರೂ ಕಂಡರೆ ಇರುವುದಿಲ್ಲ. ಏಳು ವರ್ಷದ ತಲೆಗೆ ಇದರಲ್ಲಿ ಎಲ್ಲೂ ತಪ್ಪು ಕಾಣಲಿಲ್ಲ.

ಆ ವರ್ಷ ಕಣಿ ಇಟ್ಟವರು ಅಪ್ಪ. ನನ್ನ ಕಣ್ಣು ಮುಚ್ಚಿದ ಅವರ ಕೈಯಲ್ಲಿ ಕಾರ್ಖಾನೆಯ ಬ್ಲೀಚಿಂಗ್ ಪುಡಿಯ ವಾಸನೆಯಿತ್ತು. "ನೋಡು ಮಗನೇ" ಎಂದು ಕೈ ತೆಗೆದರು. ನಾನು ಕಣ್ಣು ತೆರೆಯಲಿಲ್ಲ. ಅಮ್ಮನನ್ನು ನೋಡಿದ ಮೇಲೆಯೇ ತೆರೆಯುವುದು ಎಂದೆ. ಅಪ್ಪ ಮೊದಲು ನಕ್ಕರು, ಆಮೇಲೆ ಗದರಿದರು, ಕೊನೆಗೆ, "ಹಾಗಾದರೆ ಇದನ್ನೆಲ್ಲ ಯಾರಿಗೋಸ್ಕರ ಇಟ್ಟೆ?" ಎಂದರು. ಆ ದನಿ ಕೇಳಿ ಕಣ್ಣು ತೆರೆದುಬಿಡೋಣ ಎನಿಸಿತು. ರೆಪ್ಪೆಗಳನ್ನು ಇನ್ನಷ್ಟು ಬಿಗಿದೆ. ಅಷ್ಟರಲ್ಲಿ ಸೈರನ್ ಕೂಗಿತು, ಅಪ್ಪ ಮೊದಲ ಪಾಳಿಗೆ ಓಡಿದರು.

ಹಸಿವಾದರೆ ತಾನಾಗಿಯೇ ತೆರೆಯುತ್ತಾನೆ ಎಂದು ಅಕ್ಕ ಸುಮ್ಮನೆ ಕಾದಳು. ನಾನು ಕಣ್ಣು ಮುಚ್ಚಿಯೇ ಕಾಫಿ ಕುಡಿದೆ, ಅರ್ಧ ಅಂಗಿಗೆ, ಅರ್ಧ ಬಾಯಿಗೆ. ಒಂಬತ್ತು ಗಂಟೆಯ ಹೊತ್ತಿಗೆ ಅಕ್ಕ ಸೋತಳು. "ನಡಿ, ದವಾಖಾನಿಗೆ ಹೋಗೂಣು. ಎಡವಿ ಬಿದ್ದರ ನಾ ಎತ್ತಂಗಿಲ್ಲ. ತಡಿ, ಕಣ್ಣಿಗೆ ಟವೆಲ್ ಕಟ್ತೀನಿ."

"ಬ್ಯಾಡ. ಬಿಚ್ಚುವಾಗ ಮೊದಲು ಟವೆಲ್ಲೇ ಕಾಣ್ತದ."

ಮಕ್ಕಳೇ, ದಿನವೂ ಓಡಾಡಿದ ಆ ರಸ್ತೆ ಎಷ್ಟು ಉದ್ದವಿದೆಯೆಂದು ನನಗೆ ಅಂದೇ ಗೊತ್ತಾದದ್ದು. ಬಿದಿರು ತುಂಬಿದ ಲಾರಿಗಳು ಕಿವಿಯ ಪಕ್ಕದಲ್ಲೇ ಹೋದಂತೆ ನಡುಗಿಸುತ್ತಿದ್ದವು. ಕೊಯ್ದ ಬಿದಿರಿನ ಹಸಿ ವಾಸನೆ, ಅದರ ಹಿಂದೆಯೇ ಕಾರ್ಖಾನೆಯ ಎಲೆಕೋಸು ಬೇಯಿಸಿದಂಥ ಕೆಟ್ಟ ವಾಸನೆ, ನಡುವೆ ಯಾರದೋ ಒಗ್ಗರಣೆ. ಚಪ್ಪಲಿಯ ಕೆಳಗೆ ಜಲ್ಲಿಕಲ್ಲು. ಬಿಸಿಲು ಏರಿದಂತೆ ಮುಚ್ಚಿದ ರೆಪ್ಪೆಯೊಳಗೆಲ್ಲ ಕೆಂಪು ತುಂಬಿತು. ನನಗೆ ಭಯವಾಯಿತು. "ಅಕ್ಕಾ, ಕೆಂಪು ಕಾಣಾಕತ್ತದ. ಇದು ನೋಡಿದಂಗ ಆತೇನು?"

"ಅದು ನಿನ್ನ ರಕ್ತ. ಸುಮ್ಮ ಬಾ."

ದಾರಿಯಲ್ಲಿ ಕಾಕು ಸಿಕ್ಕಿದರು. "ಯಾಕೋ ತಮ್ಮಾ, ಕಣ್ಣಿಗೇನಾತು?" ಎಂದರು. "ಕಣ್ಣು ಬಂದಾವ್ರೀ" ಎಂದಳು ಅಕ್ಕ ಥಟ್ಟನೆ. ಕಣ್ಣುಬೇನೆ ಅಂಟುತ್ತದಲ್ಲ, ಕಾಕುವಿನ ಚಪ್ಪಲಿ ಸರಸರನೆ ಹಿಂದೆ ಸರಿದ ಸದ್ದು ಕೇಳಿತು. ಅದಾದ ಮೇಲೆ ನಾನು ಕಲ್ಲಿಗೆ ಎಡವಿ ಮಕಾಡೆ ಬಿದ್ದೆ. ಬೀಳುವಾಗ ಕೈಗಳು ನೆಲಕ್ಕೆ ಹೋಗಬೇಕಲ್ಲ, ನನ್ನವು ಕಣ್ಣಿಗೆ ಹೋದವು. ಮೊಣಕಾಲು ತರಚಿಹೋಯಿತು. ಎತ್ತುವುದಿಲ್ಲ ಎಂದಿದ್ದ ಅಕ್ಕ ಆಸ್ಪತ್ರೆಯ ಗೇಟಿನವರೆಗೂ ನನ್ನನ್ನು ಸೊಂಟದ ಮೇಲೆ ಹೊತ್ತಳು.

ಗೇಟಿನಲ್ಲಿ ಕಾವಲುಗಾರ, "ಸಣ್ಣ ಮಕ್ಕಳನ್ನ ಬಿಡಂಗಿಲ್ಲ" ಎಂದ. ಅಕ್ಕನಿಗೆ ಆ ಸುಳ್ಳು ಆಗಲೇ ರೂಢಿಯಾಗಿತ್ತು. "ಇವಗ ಕಣ್ಣು ಬಂದಾವ್ರೀ, ಡಾಕ್ಟರಿಗೆ ತೋರಸಬೇಕು." "ಹಂಗಾರ ದೂರ ನಿಂದ್ರಿ! ಒಳಗ ಬಾಕಿನ ಮ್ಯಾಲ ಕುಂಡ್ರಸು" ಎಂದ ಅವನು. ಹೀಗೆ ರೋಗಿಯಾಗಿ ನಾನು ಒಳಗೆ ಹೋದೆ. ಫಿನಾಯಿಲ್ ವಾಸನೆ, ಯಾರೋ ಕೆಮ್ಮಿದ ಸದ್ದು, ಅಮ್ಮನ ಮಂಚ ಯಾವುದೆಂದು ಅಕ್ಕ ಯಾರನ್ನೋ ಕೇಳಿದ ದನಿ, ಕೊನೆಗೆ ನನ್ನ ಕೈಗೆ ಮಂಚದ ತಣ್ಣನೆಯ ಕಬ್ಬಿಣ. "ಈಗ ತೆಗಿ" ಎಂದಳು ಅಕ್ಕ.

ತೆರೆದೆ. ಮೊದಲು ಬರೀ ಬೆಳಕು, ನೀರು. ಆಮೇಲೆ ಒಂದು ಮುಖ. ತೆಳ್ಳಗೆ, ಕಪ್ಪಗೆ, ತಲೆಯಲ್ಲಿ ಕೂದಲೇ ಇಲ್ಲ, ಅದರ ಕಣ್ಣೂ ಮುಚ್ಚಿಕೊಂಡಿದೆ. ಜ್ವರಕ್ಕೆ ಅಮ್ಮನ ಕೂದಲು ತೆಗೆದಿದ್ದರೆಂದು ನಮಗೆ ಯಾರೂ ಹೇಳಿರಲಿಲ್ಲ. ಇಷ್ಟು ದೂರ ಬಂದು ಬೇರೆ ಯಾರನ್ನೋ ನೋಡಿಬಿಟ್ಟೆ, ಎಲ್ಲ ಮುಗಿಯಿತು ಎಂದು ನಾನು ಗಟ್ಟಿಯಾಗಿ ಅತ್ತೆ.

ಆ ಮುಖ ಕಣ್ಣು ತೆರೆಯದೆಯೇ ಮಾತಾಡಿತು, ಮಲಯಾಳದಲ್ಲಿ, ಅಮ್ಮನ ದನಿಯಲ್ಲಿ. "ನನ್ನ ಮಗನಾ ಅಳುತ್ತಿರೋದು? ಅಕ್ಕನೂ ಬಂದಿದ್ದಾಳಾ? ಇಬ್ಬರೂ ನನ್ನೆದುರಿಗೆ ನಿಲ್ಲಿ. ನಿಂತಿರಾ? ಈಗ ಕಣ್ಣು ತೆರೆಯಲಾ?"

ಅವಳೂ ಬೆಳಗಿನಿಂದ ಮುಚ್ಚಿಕೊಂಡೇ ಇದ್ದಳು. ನರ್ಸು ಔಷಧಿ ಕುಡಿಸಿದಾಗಲೂ ತೆರೆದಿರಲಿಲ್ಲ. ಪಾಳಿ ಮುಗಿಸಿ ಅಪ್ಪ ಬರುತ್ತಾರಲ್ಲ, ಅವರ ಮುಖವನ್ನಾದರೂ ನೋಡಿ ವರ್ಷ ಶುರುಮಾಡೋಣ ಎಂದುಕೊಂಡಿದ್ದಳಂತೆ. ಕಣ್ಣು ತೆರೆದು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ, "ಅಂಗಿ ಮೇಲೇನದು, ಕಾಫಿಯಾ?" ಎಂದಳು. ನನಗೆ ಆಗ ಆದ ಸಂತೋಷ ಮತ್ತೆ ಯಾವ ಹಬ್ಬದಲ್ಲೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಇಟ್ಟಿದ್ದ ಕಣಿಯನ್ನು ನೋಡಿದೆ. ರೂಢಿಯಿಲ್ಲದ ಕೈ, ಸೌತೆಕಾಯಿಗೆ ಕುಂಕುಮ ಹಚ್ಚಿದ್ದರು, ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಪಾಪ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಹದಿನೈದು ದಿನಕ್ಕೆ ಅಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದಳು. ಗುಣವಾದದ್ದು ಔಷಧದಿಂದ, ನಿನ್ನ ಕಣ್ಣಿನಿಂದಲ್ಲ ಎಂದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಔಷಧದ ಕೆಲಸವನ್ನೇ ಮಾಡುವ ನಿಮ್ಮ ಅಮ್ಮ ಖಂಡಿತ ಹೇಳುತ್ತಾಳೆ. ಹೇಳಲಿ.

ನಿಮ್ಮ ಓಣಂ ನಮ್ಮದಕ್ಕಿಂತ ದೊಡ್ಡದು. ಶಾಲೆಯ ಹಾಲ್ ಯಾವ ಶನಿವಾರ ಸಿಗುತ್ತದೋ ಆ ಶನಿವಾರ ಬಲಿ ಚಕ್ರವರ್ತಿ ಬರಬೇಕು. ಬರುತ್ತಾನೆ ಕೂಡ, ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಛತ್ರಿ ಹಿಡಿದು. ದೂರದ ಗಿಲ್‌ರಾಯ್‌ನಿಂದಲೂ ಜನ ಡ್ರೈವ್ ಮಾಡಿಕೊಂಡು ಬಂದು ಪಾಯಸಕ್ಕೆ ಸಾಲು ನಿಲ್ಲುತ್ತಾರೆ. ನಿಮಗೆ ಅದು ಇಷ್ಟವಾಗುವುದೇ ಸರಿ. ಓಣಂಗೆ ಊರೆಲ್ಲ ಬೇಕು. ವಿಷುವಿಗೆ ನಮ್ಮ ಕಣ್ಣು ಮುಚ್ಚಲು ಎರಡು ಕೈ ಸಾಕು. ನನಗೆ ವಿಷು ಇಷ್ಟ.

ಈ ಏಪ್ರಿಲ್‌ನಲ್ಲಿ ವಿಷು ಶಾಲೆಯ ದಿನವೇ ಬಂತು. ಕಕ್ಕೆ ಹೂ ಇಲ್ಲಿ ಎಲ್ಲಿ ಸಿಗಬೇಕು? ನಿಮ್ಮ ಅಮ್ಮ ಇಂಡಿಯನ್ ಗ್ರೋಸರಿಯಿಂದ ಪ್ಲಾಸ್ಟಿಕ್ಕಿನದು ತಂದು ಡೈನಿಂಗ್ ಟೇಬಲ್ಲಿನ ಮೇಲೆ ಕಣಿ ಇಟ್ಟಿದ್ದಳು. ಕಣ್ಣು ಬಿಟ್ಟ ಕೂಡಲೇ ನೋಡಲು ನಿಮಗೆ ಟ್ಯಾಬ್ಲೆಟ್ಟಿದೆ, ಗೋಡೆಯ ತುಂಬ ಚಿತ್ರಗಳಿವೆ, ಕಿಟಕಿಯಾಚೆ ಲಗೂನಿನ ನೀರಿನಲ್ಲಿ ಬಾತುಗಳಿವೆ. ಅದಕ್ಕೇ ನಾನು ಬೇಗ ಎದ್ದು, ಸದ್ದು ಮಾಡದೆ ಪುಟ್ಟಿಯ ಕೋಣೆಗೆ ಹೋದೆ. ನೋಡಿದರೆ ಅವಳು ಆಗಲೇ ಎಚ್ಚರವಾಗಿ ನನ್ನನ್ನೇ ನೋಡುತ್ತಿದ್ದಳು.

"ಸಾರಿ ಅಜ್ಜಾ, ಐ ಫರ್ಗಾಟ್. ನಾನು ಆಲ್ರೆಡಿ ನೋಡ್ಬಿಟ್ಟೆ."

"ಏನು ನೋಡಿದೆ?"

"ನಿನ್ನನ್ನೇ. ಅದು ಕೌಂಟ್ ಆಗುತ್ತಾ?"

ನಡಿ ನಡಿ, ಸ್ಕೂಲಿಗೆ ಲೇಟಾಗುತ್ತೆ ಎಂದು ಅವಳ ಕಣ್ಣು ಮುಚ್ಚಿ ಟೇಬಲ್ಲಿನ ತನಕ ಕರೆದೊಯ್ದೆ. ಆ ಪ್ರಶ್ನೆಗೂ ಇಲ್ಲೇ ಉತ್ತರ ಬರೆಯುತ್ತೇನೆ. ಕೌಂಟ್ ಆಗುತ್ತೆ ಪುಟ್ಟಿ. ಇನ್ನು ನಾನು ವರ್ಷವಿಡೀ ಇರಬೇಕಾಗುತ್ತದೆ, ಅಷ್ಟೆ.